ಎಂಜಿನ್ ಎಚ್ಚರಿಕೆ ದೀಪ ಹಾಗೂ ದೋಷ ಸಂಕೇತಗಳನ್ನು ಓದುವ ಕ್ರಮ – ವಾಹನ ಮಾಲೀಕರ ಮಾಹಿತಿಗಾಗಿ

ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ, ಹದಿನೈದು ವರ್ಷ ಪೂರೈಸಿದ ಖಾಸಗಿ ವಾಹನದ ನೋಂದಣಿ ನವೀಕರಣ, ಸಾರಿಗೆ ವಾಹನದ ಅರ್ಹತಾ ಪತ್ರ – ಇವುಗಳಲ್ಲಿ ಯಾವುದಕ್ಕಾಗಿ ಅರ್ಜಿ ಸಲ್ಲಿಸಿದರೂ ವಾಹನದ ಎಂಜಿನ್ ಸುಸ್ಥಿತಿಯಲ್ಲಿರಬೇಕಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಿರುವ ವಾಹನಗಳ ಮಾಲೀಕರಲ್ಲಿ ಕೆಲವರು, ತಪಾಸಣೆಯ ಹಿಂದಿನ ದಿನ ಗ್ಯಾರೇಜಿಗೆ ಹೋಗಿ ಆ ದೀಪವನ್ನು ಆರಿಸಿಕೊಂಡು ಬರುವುದುಂಟು. ದೀಪ ಆರಿದ ಮಾತ್ರಕ್ಕೆ ಹೊಗೆಕೊಳವೆಯಿಂದ ಹೊರಬರುವ ಅನಿಲದಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಮೇಲಾಗಿ, ದೋಷದ ಮೂಲವನ್ನು ಪತ್ತೆ ಹಚ್ಚಲು ನೆರವಾಗುತ್ತಿದ್ದ ದಾಖಲೆಯೂ ದೀಪದೊಂದಿಗೇ ಅಳಿಸಿಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಸಂಕೇತವನ್ನು ಓದಿದೊಡನೆ ಅದರಲ್ಲಿ ಹೆಸರಿಸಿರುವ ಭಾಗವನ್ನೇ ಬದಲಾಯಿಸಿ ಸಾವಿರಾರು ರೂಪಾಯಿ ವ್ಯಯಿಸಿದ ಬಳಿಕವೂ ದೀಪ ಮರಳಿ ಉರಿಯುವ ಪ್ರಸಂಗಗಳೂ ಉಂಟು. ಈ ಎರಡೂ ಬಗೆಯ ನಷ್ಟವನ್ನು ತಪ್ಪಿಸುವ ಸಲುವಾಗಿ, ಸದರಿ ದೀಪ ಹಾಗೂ ಅದರ ಹಿಂದಿರುವ ದೋಷ ಸಂಕೇತಗಳ ಕುರಿತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ದೀಪವು ತಿಳಿಸುವುದೇನು?

ಬೀಗದ ಕೈಯನ್ನು ತಿರುಗಿಸಿ ಇಗ್ನಿಷನ್ ಆನ್ ಮಾಡಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಎಂಜಿನ್ ದೀಪವು ಉರಿಯಲೇಬೇಕು. ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಅದು ಆರಬೇಕು. ಮೊದಲನೆಯ ಹಂತದಲ್ಲಿ ದೀಪ ಉರಿಯದಿದ್ದರೆ ಬಲ್ಬು ಸುಟ್ಟಿರಬಹುದು, ತಂತಿ ತುಂಡಾಗಿರಬಹುದು ಅಥವಾ ಯಾರೋ ಉದ್ದೇಶಪೂರ್ವಕವಾಗಿ ಅದನ್ನು ತೆಗೆದಿರಬಹುದು. ಉರಿಯದ ದೀಪವನ್ನು ಕಂಡು ನಿಶ್ಚಿಂತರಾಗುವುದು ಸರಿಯಲ್ಲ.

ಚಾಲನೆಯಲ್ಲಿರುವಾಗ ಹಳದಿ ದೀಪವು ಸ್ಥಿರವಾಗಿ ಉರಿಯುತ್ತಿದ್ದರೆ, ಮಾಲಿನ್ಯ ನಿಯಂತ್ರಣಕ್ಕೆ ಸಂಬಂಧಿಸಿದ ಯಾವುದೋ ಒಂದು ಭಾಗ ಅಥವಾ ವಿದ್ಯುತ್ ಮಂಡಲ ನಿಗದಿತ ಮಿತಿಯಿಂದ ಹೊರಗಿದೆ ಎಂದು ಎಂಜಿನ್ ನಿಯಂತ್ರಣ ಕಂಪ್ಯೂಟರ್ ದಾಖಲಿಸಿದೆ ಎಂದರ್ಥ. ಎಂಜಿನ್ ಎಂದಿನಂತೆ ಓಡುತ್ತಿದ್ದಲ್ಲಿ ವಾಹನವನ್ನು ಗ್ಯಾರೇಜಿನವರೆಗೆ ಮಿತ ವೇಗದಲ್ಲಿ ಕೊಂಡೊಯ್ಯಬಹುದು. ಆಯಿಲ್ ಒತ್ತಡದ ಕೆಂಪು ದೀಪ ಅಥವಾ ಎಂಜಿನ್ ಅತಿಯಾಗಿ ಕಾದಿರುವುದನ್ನು ಸೂಚಿಸುವ ಕೆಂಪು ದೀಪ ಬಂದರೆ ಮಾತ್ರ ವಾಹನವನ್ನು ಕೂಡಲೇ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಎಂಜಿನನ್ನು ಬಂದ್ ಮಾಡತಕ್ಕದ್ದು. ಆ ದೀಪಗಳಿಗೂ ಇಲ್ಲಿ ವಿವರಿಸುತ್ತಿರುವ ದೀಪಕ್ಕೂ ವ್ಯತ್ಯಾಸವಿದೆ.

ಹಳದಿ ಎಂಜಿನ್ ದೀಪವು ಚಾಲನೆಯ ವೇಳೆ ಮಿನುಗತೊಡಗಿದರೆ ವಿಷಯ ಗಂಭೀರವಾಗುತ್ತದೆ. ಒಂದು ಅಥವಾ ಹೆಚ್ಚು ಸಿಲಿಂಡರುಗಳಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಎಂಜಿನ್ 'ಮಿಸ್ಸಿಂಗ್' ಹೊಡೆಯುತ್ತಾ, ಹಸಿ ಇಂಧನವು ಕ್ಯಾಟಲಿಟಿಕ್ ಕನ್ವರ್ಟರಿಗೆ ಹರಿಯುತ್ತಿದೆ ಎಂಬುದು ಇದರ ಅರ್ಥ. ಆ ಇಂಧನವು ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂತಹ ಪಿಂಗಾಣಿ ಭಾಗವು ಕರಗುವಷ್ಟು ಶಾಖ ಉಂಟಾಗಬಲ್ಲದು. ಒಂದು ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಬದಲಾಯಿಸಿದರೆ ಮುಗಿಯಬಹುದಾಗಿದ್ದ ದುರಸ್ತಿಯು ಕನ್ವರ್ಟರನ್ನೇ ಬದಲಾಯಿಸುವ ಹಂತಕ್ಕೆ ಹೋಗುವುದು ಹೀಗೆ. ವೇಗ ತಗ್ಗಿಸಿದಾಗ ಮಿನುಗುವುದು ನಿಲ್ಲದಿದ್ದರೆ ವಾಹನವನ್ನು ನಿಲ್ಲಿಸಿ, ಎಳೆದೊಯ್ಯುವ ವ್ಯವಸ್ಥೆ ಮಾಡಿಕೊಳ್ಳುವುದೇ ಅಗ್ಗ. ಇಂತಹ ಸ್ಥಿತಿಯಲ್ಲಿರುವ ವಾಹನವನ್ನು ಒಣಹುಲ್ಲಿನ ಮೇಲಾಗಲಿ, ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿರುವ ರಾಗಿ ಅಥವಾ ಹುರುಳಿ ಕಂತೆಗಳ ಮೇಲಾಗಲಿ ನಿಲ್ಲಿಸಬಾರದು. ಕಾದ ಕನ್ವರ್ಟರ್ ವಾಹನದ ತಳಭಾಗದಲ್ಲಿ, ಹುಲ್ಲಿಗೆ ತಾಗುವಷ್ಟು ಸಮೀಪದಲ್ಲಿರುತ್ತದೆ. (ರಸ್ತೆಯಲ್ಲಿ ಒಕ್ಕಣೆ ಮಾಡುವುದೇ ಅಪಾಯಕರ ಎಂಬುದು ಬೇರೆ ಮಾತು.)

ಹಳೆಯ ಕಾರುಗಳಲ್ಲಿ: ಮಿನುಗುಗಳನ್ನು ಎಣಿಸುವ ಕ್ರಮ

ದೀಪದ ಮೂಲಕವೇ ಸಂಕೇತವನ್ನು ಓದುವ ಪದ್ಧತಿ 1980ರ ದಶಕದಷ್ಟು ಹಳೆಯದು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಅಂದಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರಿನ ಎರಡು ಕಿಂಡಿಗಳನ್ನು ತಂತಿಯಿಂದ ಸೇರಿಸಿದರೆ ಎಂಜಿನ್ ದೀಪವು ಎಣಿಕೆಯ ರೂಪದಲ್ಲಿ ಮಿನುಗುತ್ತಿತ್ತು. ಭಾರತದಲ್ಲಿ ಸುಜುಕಿ ತಂತ್ರಜ್ಞಾನದ ಮೊದಮೊದಲ ಎಂ.ಪಿ.ಎಫ್.ಐ. ಕಾರುಗಳಲ್ಲಿಯೂ ಇದೇ ಬಗೆಯ ವ್ಯವಸ್ಥೆ ಇದ್ದಿತು. ಇಂತಹ ಕಾರುಗಳು ಈಗ ಹದಿನೈದು ವರ್ಷ ದಾಟಿ ನೋಂದಣಿ ನವೀಕರಣಕ್ಕೆ ಬರುತ್ತಿರುವುದರಿಂದ ಈ ವಿಷಯ ಇನ್ನೂ ಪ್ರಸ್ತುತವಾಗಿದೆ. ಇವುಗಳಲ್ಲಿ ಹಲವಕ್ಕೆ ಇಂದಿನ ಸ್ಕ್ಯಾನರುಗಳು ಹೊಂದುವುದಿಲ್ಲ.

ಎಣಿಕೆಯ ಕ್ರಮ ಸರಳವಾದುದು. ಎಂಜಿನ್ ಬಂದ್ ಇದ್ದು ಇಗ್ನಿಷನ್ ಆನ್ ಇರುವಾಗ, ಪರೀಕ್ಷಾ ಕನೆಕ್ಟರಿನ ನಿಗದಿತ ತುದಿಯನ್ನು ಅರ್ತಿಂಗಿಗೆ ಸೇರಿಸಲಾಗುತ್ತದೆ. ದೀಪವು ಒಮ್ಮೆ ಮಿನುಗಿ, ಅಲ್ಪ ವಿರಾಮದ ನಂತರ ಎರಡು ಬಾರಿ ಮಿನುಗಿದರೆ ಅದು 12. ಎರಡು ಬಾರಿ ಮಿನುಗಿ, ವಿರಾಮದ ನಂತರ ಒಮ್ಮೆ ಮಿನುಗಿದರೆ 21. ಒಂದೊಂದು ಸಂಕೇತವೂ ಮೂರು ಸಲ ಪುನರಾವರ್ತನೆಯಾಗಿ, ಬಳಿಕ ಮುಂದಿನದು ಬರುತ್ತದೆ. ಎಣಿಕೆ ತಪ್ಪುವುದು ಸಹಜವಾದುದರಿಂದ ಒಬ್ಬರು ದೀಪವನ್ನು ನೋಡಿ ಹೇಳುವುದು, ಇನ್ನೊಬ್ಬರು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಉತ್ತಮ. ಸುಜುಕಿ ವ್ಯವಸ್ಥೆಯಲ್ಲಿ 12 ಎಂದರೆ ಯಾವ ದೋಷವೂ ದಾಖಲಾಗಿಲ್ಲ ಎಂದರ್ಥ. 13 ಆಕ್ಸಿಜನ್ ಸೆನ್ಸರಿಗೆ, 14 ಮತ್ತು 15 ಎಂಜಿನ್ ನೀರಿನ ಉಷ್ಣತೆಯ ಸೆನ್ಸರಿಗೆ, 21 ಮತ್ತು 22 ಥ್ರಾಟಲ್ ಸ್ಥಾನದ ಸೆನ್ಸರಿಗೆ, 24 ವೇಗದ ಸೆನ್ಸರಿಗೆ ಸಂಬಂಧಿಸಿದವು.

ಒಂದು ತಯಾರಕರ ಪಟ್ಟಿಯನ್ನು ಇನ್ನೊಂದು ತಯಾರಕರ ವಾಹನಕ್ಕೆ ಅನ್ವಯಿಸಬಾರದು. ಸುಜುಕಿ ಕಾರಿನಲ್ಲಿ 'ದೋಷವಿಲ್ಲ' ಎಂದು ಸೂಚಿಸುವ 12, ಹೋಂಡಾ ದ್ವಿಚಕ್ರ ವಾಹನಗಳ ಮಿನುಗು ಪದ್ಧತಿಯಲ್ಲಿ ಇಂಧನ ಇಂಜೆಕ್ಟರಿನ ದೋಷವನ್ನು ಸೂಚಿಸುತ್ತದೆ. ಆ ದ್ವಿಚಕ್ರ ವಾಹನಗಳಲ್ಲಿ ಒಂದು ದೀರ್ಘ ಮಿನುಗಿಗೆ ಹತ್ತರ ಬೆಲೆ, ಒಂದು ಹ್ರಸ್ವ ಮಿನುಗಿಗೆ ಒಂದರ ಬೆಲೆ. ಟೊಯೋಟಾದ ಹಳೆಯ ಕಾರುಗಳಲ್ಲಿ ದೀಪವು ನಿಲ್ಲದೆ ಸಮಾನ ಅಂತರದಲ್ಲಿ ಮಿನುಗುತ್ತಿದ್ದರೆ ದೋಷವಿಲ್ಲವೆಂದು ತಿಳಿಯಬೇಕು. ಅಲ್ಲದೆ ಯಾವ ತುದಿಗಳನ್ನು ಸೇರಿಸಬೇಕೆಂಬುದು ಆಯಾ ಮಾದರಿಯ ದುರಸ್ತಿ ಕೈಪಿಡಿಯಲ್ಲಿ ಮಾತ್ರ ಖಚಿತವಾಗಿ ದೊರೆಯುತ್ತದೆ. ತಪ್ಪು ತುದಿಗಳನ್ನು ಸೇರಿಸಿದಲ್ಲಿ ನಿಯಂತ್ರಣ ಕಂಪ್ಯೂಟರೇ ಸುಟ್ಟುಹೋಗುವ ಸಂಭವವಿರುವುದರಿಂದ, ಕೈಪಿಡಿ ಇಲ್ಲದೆ ಊಹೆಯ ಮೇಲೆ ಈ ಪ್ರಯೋಗಕ್ಕೆ ಇಳಿಯಕೂಡದು.

ಹೊಸ ಕಾರುಗಳಲ್ಲಿ: ಐದು ಅಂಕಿತಗಳ ಸಂಕೇತ

ಭಾರತ್ ಸ್ಟೇಜ್ 4 ಮಾನದಂಡವು 2010ರ ಏಪ್ರಿಲ್ 1ರಂದು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಜಾರಿಗೆ ಬಂದು, 2017ರ ಏಪ್ರಿಲ್ 1ರ ವೇಳೆಗೆ ಇಡೀ ದೇಶಕ್ಕೆ ವಿಸ್ತರಿಸಿತು. ಈ ಮಾನದಂಡದ ಕಾರುಗಳಿಗೆ ವಾಹನದೊಳಗೇ ದೋಷ ಪತ್ತೆ ಮಾಡುವ ಓ.ಬಿ.ಡಿ. ವ್ಯವಸ್ಥೆಯ ಮೊದಲ ಹಂತವನ್ನು 2010ರಿಂದಲೂ, ಎರಡನೆಯ ಹಂತವನ್ನು 2013ರ ಏಪ್ರಿಲ್‌ನಿಂದಲೂ ಕಡ್ಡಾಯಗೊಳಿಸಲಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಯಲ್ಲಿದೆ.

ಈ ವಾಹನಗಳಲ್ಲಿ ದೀಪವು ಸಂಕೇತವನ್ನು ಮಿನುಗಿ ತಿಳಿಸುವುದಿಲ್ಲ. ಸಂಕೇತವಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಚಾಲಕರ ಕಾಲಿನ ಪೆಡಲುಗಳ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಸಾಮಾನ್ಯವಾಗಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರನ್ನು ಅಥವಾ ಮೊಬೈಲ್ ಫೋನಿಗೆ ಬ್ಲೂಟೂತ್ ಮೂಲಕ ಮಾಹಿತಿ ಕಳುಹಿಸುವ ಅಡಾಪ್ಟರನ್ನು ಇದಕ್ಕೆ ಜೋಡಿಸಿ ಸಂಕೇತವನ್ನು ಓದಬಹುದಾಗಿದೆ. ಓದುವುದರಿಂದ ವಾಹನಕ್ಕೆ ಹಾನಿಯಿಲ್ಲ. ಆದರೆ ಅಡಾಪ್ಟರನ್ನು ದಿನಗಟ್ಟಲೆ ಸಾಕೆಟ್ಟಿನಲ್ಲಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಆ ಸಾಕೆಟ್ಟಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಸಂಪರ್ಕವಿರುತ್ತದೆ.

ಸಂಕೇತವು ಒಂದು ಅಕ್ಷರ ಮತ್ತು ನಾಲ್ಕು ಅಂಕಿತಗಳನ್ನು ಒಳಗೊಂಡಿರುತ್ತದೆ. ಪಿ ಎಂದರೆ ಎಂಜಿನ್ ಮತ್ತು ಗೇರ್ ವ್ಯವಸ್ಥೆ, ಸಿ ಎಂದರೆ ಬ್ರೇಕ್ ಮೊದಲಾದ ತಳಗಟ್ಟಿನ ಭಾಗಗಳು, ಬಿ ಎಂದರೆ ಬಾಡಿ, ಯು ಎಂದರೆ ಕಂಪ್ಯೂಟರುಗಳ ನಡುವಣ ಸಂವಹನ. ಅಕ್ಷರದ ಮುಂದಿನ ಅಂಕಿ 0 ಇದ್ದರೆ ಸಂಕೇತವು ಎಲ್ಲ ತಯಾರಕರಿಗೂ ಸಮಾನ. 1 ಇದ್ದರೆ ಆ ತಯಾರಕರಿಗೆ ಮಾತ್ರ ಸೀಮಿತ. ಆದ್ದರಿಂದ ಪಿ 1 ಎಂದು ಆರಂಭವಾಗುವ ಸಂಕೇತದ ಅರ್ಥವನ್ನು ಬೇರೊಂದು ಕಂಪನಿಯ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ. ಮೂರನೆಯ ಸ್ಥಾನದಲ್ಲಿ 1 ಅಥವಾ 2 ಬಂದರೆ ಇಂಧನ ಮತ್ತು ಗಾಳಿಯ ಮಿಶ್ರಣ, 3 ಬಂದರೆ ಕಿಡಿ ಮತ್ತು ಮಿಸ್ಸಿಂಗ್, 4 ಬಂದರೆ ಮಾಲಿನ್ಯ ನಿಯಂತ್ರಣದ ಸಹಾಯಕ ಭಾಗಗಳು, 5 ಬಂದರೆ ವೇಗ ಹಾಗೂ ಐಡಲ್ ನಿಯಂತ್ರಣ ಎಂದು ಗ್ರಹಿಸಬಹುದು. ಪಿ 0301 ಎಂಬುದನ್ನು ಈ ಕ್ರಮದಲ್ಲಿ ಓದಿದರೆ, ಎಂಜಿನ್ನಿನ ಕಿಡಿ ವಿಭಾಗ, ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದಾಗುತ್ತದೆ.

ಸಂಕೇತದೊಂದಿಗೆ ಕಂಪ್ಯೂಟರು ಇನ್ನೊಂದು ಉಪಯುಕ್ತ ದಾಖಲೆಯನ್ನೂ ಉಳಿಸಿಕೊಂಡಿರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ಸುತ್ತುಗಳೆಷ್ಟು, ವಾಹನದ ವೇಗವೆಷ್ಟು, ನೀರಿನ ಉಷ್ಣತೆಯೆಷ್ಟು, ಎಂಜಿನ್ ಮೇಲಿನ ಹೊರೆಯೆಷ್ಟು ಎಂಬ ವಿವರಗಳು ಅದರಲ್ಲಿರುತ್ತವೆ. ಇದನ್ನು ಫ್ರೀಜ್ ಫ್ರೇಮ್ ಎನ್ನುವರು. ದೋಷವು ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಬಂದಿತೋ, ಘಾಟಿ ಏರುವಾಗ ಬಂದಿತೋ ಎಂಬುದು ಮೆಕ್ಯಾನಿಕ್‌ಗೆ ಇದರಿಂದಲೇ ತಿಳಿಯುತ್ತದೆ. ಸಂಕೇತವನ್ನು ಅಳಿಸಿದಾಗ ಇದೂ ಅಳಿಸಿಹೋಗುತ್ತದೆ. ಆದುದರಿಂದ ಯಾರೇ ಸ್ಕ್ಯಾನರ್ ಜೋಡಿಸಿದರೂ, ಅಳಿಸುವ ಮೊದಲು ಸಂಕೇತ ಹಾಗೂ ಈ ವಿವರಗಳನ್ನು ಕಾಗದದ ಮೇಲೆ ಬರೆದುಕೊಡುವಂತೆ ಅಥವಾ ಪರದೆಯ ಛಾಯಾಚಿತ್ರ ತೆಗೆದುಕೊಳ್ಳಲು ಅವಕಾಶ ನೀಡುವಂತೆ ಮಾಲೀಕರು ಕೇಳತಕ್ಕದ್ದು.

ಸಂಕೇತವು ಬದಲಾಯಿಸಬೇಕಾದ ಭಾಗದ ಹೆಸರಲ್ಲ

ಹೆಚ್ಚಿನ ಹಣ ಪೋಲಾಗುವುದು ಈ ಅಂಶವನ್ನು ಗ್ರಹಿಸದೆ ಇರುವುದರಿಂದ. ಉದಾಹರಣೆಗೆ, ಒಂದು ಕಾರಿನಲ್ಲಿ ಪಿ 0171 ದಾಖಲಾಗಿದೆ ಎಂದು ಭಾವಿಸೋಣ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂಬುದು ಇದರ ಅರ್ಥ. ಈ ವಿಷಯವನ್ನು ಕಂಪ್ಯೂಟರಿಗೆ ತಿಳಿಸಿದ್ದು ಆಕ್ಸಿಜನ್ ಸೆನ್ಸರ್. ಹಾಗೆಂದು ಸೆನ್ಸರನ್ನೇ ಬದಲಾಯಿಸಿದರೆ, ಕೆಟ್ಟ ಸುದ್ದಿ ತಂದ ದೂತನನ್ನು ಶಿಕ್ಷಿಸಿದಂತಾಗುತ್ತದೆ. ಹೊಸ ಸೆನ್ಸರೂ ಅದೇ ವರದಿಯನ್ನು ಒಪ್ಪಿಸುತ್ತದೆ. ನಿಜವಾದ ಕಾರಣವು ಎಂಜಿನ್ನಿಗೆ ಗಾಳಿ ಎಳೆಯುವ ಭಾಗದಲ್ಲಿ ಬಿರುಕು ಬಿಟ್ಟ ರಬ್ಬರ್ ಪೈಪು, ಕಟ್ಟಿಕೊಂಡ ಇಂಧನ ಫಿಲ್ಟರ್, ದುರ್ಬಲಗೊಂಡ ಪೆಟ್ರೋಲ್ ಪಂಪ್ ಅಥವಾ ಸೆನ್ಸರಿಗಿಂತ ಹಿಂದೆಯೇ ಸೋರುತ್ತಿರುವ ಹೊಗೆಕೊಳವೆ ಆಗಿರಬಹುದು. ಇವುಗಳನ್ನು ಬೇರ್ಪಡಿಸುವ ದಾರಿಯೂ ಸ್ಕ್ಯಾನರಿನಲ್ಲಿಯೇ ಇದೆ. ಕಂಪ್ಯೂಟರು ಎಷ್ಟು ಹೆಚ್ಚುವರಿ ಇಂಧನ ಸೇರಿಸುತ್ತಿದೆ ಎಂಬ ಶೇಕಡಾವಾರು ಅಂಕಿಯನ್ನು ಫ್ಯುಯೆಲ್ ಟ್ರಿಮ್ ಎನ್ನುತ್ತಾರೆ. ಐಡಲ್‌ನಲ್ಲಿ ಈ ಅಂಕಿ ಹೆಚ್ಚಿದ್ದು ಎಂಜಿನ್ನಿನ ಸುತ್ತು ಏರಿದಂತೆ ಇಳಿದರೆ ಗಾಳಿಯ ಸೋರಿಕೆಯನ್ನು ಶಂಕಿಸಬೇಕು. ಹೊರೆ ಹೆಚ್ಚಿದಂತೆ ಅಂಕಿಯೂ ಏರಿದರೆ ಇಂಧನ ಪೂರೈಕೆಯನ್ನು ಶಂಕಿಸಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಬಿಡಿಭಾಗಕ್ಕೆ ಚೀಟಿ ಬರೆಯುವ ಗ್ಯಾರೇಜಿನಲ್ಲಿ ಮಾಲೀಕರು ಪ್ರಶ್ನೆ ಕೇಳುವುದು ಒಳಿತು.

ಪಿ 0301ರ ವಿಷಯದಲ್ಲಿ ಇನ್ನೂ ಸುಲಭವಾದ ಉಪಾಯವಿದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇರುವ ಎಂಜಿನ್ನುಗಳಲ್ಲಿ ಒಂದನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಒಂದನೆಯದಕ್ಕೂ ಅದಲುಬದಲು ಮಾಡಿ, ಸಂಕೇತವನ್ನು ಬರೆದುಕೊಂಡು ಅಳಿಸಿ, ಸ್ವಲ್ಪ ದೂರ ಓಡಿಸಬೇಕು. ಈಗ ಪಿ 0303 ಬಂದರೆ ದೋಷವು ಕಾಯಿಲಿನೊಂದಿಗೆ ಸ್ಥಳಾಂತರಗೊಂಡಿದೆ ಎಂದಾಯಿತು. ಕಾಯಿಲನ್ನು ಬದಲಾಯಿಸಿದರೆ ಸಾಕು. ಪಿ 0301 ಅಲ್ಲಿಯೇ ಉಳಿದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಮತ್ತು ಸಿಲಿಂಡರಿನ ಒತ್ತಡವನ್ನು ಕ್ರಮವಾಗಿ ಪರೀಕ್ಷಿಸಬೇಕು. ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳದೆ ಅನುಮಾನವನ್ನು ಅರ್ಧಕ್ಕೆ ಇಳಿಸುವ ಪರೀಕ್ಷೆಯಿದು.

ಪಿ 0420 ಎಂಬ ಸಂಕೇತ ಬಂದಾಗ 'ಕನ್ವರ್ಟರ್ ಹೋಗಿದೆ' ಎಂದು ತೀರ್ಮಾನಿಸುವುದು ರೂಢಿಯಾಗಿದೆ. ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಾಮಾನ್ಯ ಬಗೆಯ ಸೆನ್ಸರುಗಳಲ್ಲಿ ಮುಂದಿನದರ ವೋಲ್ಟೇಜು ಸುಮಾರು 0.1ರಿಂದ 0.9ರವರೆಗೆ ಬೇಗಬೇಗನೆ ಏರಿಳಿಯುತ್ತಿದ್ದು, ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದಾಗ ಕನ್ವರ್ಟರಿನ ಕಾರ್ಯಕ್ಷಮತೆ ಕುಗ್ಗಿದೆ ಎಂದು ಕಂಪ್ಯೂಟರು ನಿರ್ಧರಿಸುತ್ತದೆ. ಆದರೆ ಸೆನ್ಸರುಗಳ ಬಳಿ ಹೊಗೆಕೊಳವೆಯಲ್ಲಿ ಸೋರಿಕೆ ಇದ್ದರೂ ಹೀಗೆ ಕಾಣಬಹುದು. ಮೊದಲು ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕನ್ವರ್ಟರ್ ನಿಜವಾಗಿಯೂ ಕೆಟ್ಟಿದ್ದರೆ, ಅದನ್ನು ಕೆಡಿಸಿದ್ದೇನು ಎಂಬುದನ್ನು – ಹಳೆಯ ಮಿಸ್ಸಿಂಗ್ ಇತ್ತೇ, ಎಂಜಿನ್ ಆಯಿಲ್ ಸುಡುತ್ತಿದೆಯೇ ಎಂಬುದನ್ನು – ಕಂಡುಹಿಡಿಯಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಕನ್ವರ್ಟರ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ಪಿ 0113, ಪಿ 0118 ಮುಂತಾದ ಸಂಕೇತಗಳು ಸೆನ್ಸರಿನ ವಿದ್ಯುತ್ ಮಂಡಲದಲ್ಲಿ ವೋಲ್ಟೇಜು ಮಿತಿಗಿಂತ ಹೆಚ್ಚಿದೆ ಎಂದು ಹೇಳುತ್ತವೆ. ಮೊದಲನೆಯದು ಒಳಬರುವ ಗಾಳಿಯ ಉಷ್ಣತೆಗೆ, ಎರಡನೆಯದು ಎಂಜಿನ್ ನೀರಿನ ಉಷ್ಣತೆಗೆ ಸಂಬಂಧಿಸಿದ್ದು. ಇವು ಸಾಮಾನ್ಯವಾಗಿ ತಂತಿ ತುಂಡಾಗಿರುವುದರ ಅಥವಾ ಕನೆಕ್ಟರ್ ಕಳಚಿರುವುದರ ಲಕ್ಷಣ. ನಮ್ಮಲ್ಲಿ ಇದಕ್ಕೆ ಕಾರಣವನ್ನು ಬಾನೆಟ್ಟಿನೊಳಗೆ ಹುಡುಕಿದರೆ ಇಲಿಯ ಹಲ್ಲಿನ ಗುರುತು ಸಿಗುವುದು ಅಪರೂಪವೇನಲ್ಲ. ಬಾನೆಟ್ಟಿನಲ್ಲಿ ಹೊಗೆಸೊಪ್ಪಿನ ಕಟ್ಟು ಇಡುವ ರೂಢಿ ಅನೇಕರಲ್ಲಿದೆ. ಅದು ಫಲಿಸಿದರೂ ಫಲಿಸದಿದ್ದರೂ, ಮಳೆಗಾಲದಲ್ಲಿ ವಾಹನ ವಾರಗಟ್ಟಲೆ ನಿಂತಿದ್ದರೆ ಚಾಲೂ ಮಾಡುವ ಮುನ್ನ ಒಮ್ಮೆ ಬಾನೆಟ್ ತೆರೆದು ನೋಡುವುದು ಲೇಸು. ಕರಾವಳಿ ಮತ್ತು ಮಲೆನಾಡಿನಲ್ಲಿ ಕನೆಕ್ಟರುಗಳ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಇವೇ ಸಂಕೇತಗಳು ಬರುವುದೂ ಉಂಟು.

ಸಂಬಂಧವಿಲ್ಲದ ಐದಾರು ಸಂಕೇತಗಳು ಒಟ್ಟಿಗೇ ಬಂದಿದ್ದರೆ ಮೊಟ್ಟಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಎಂಜಿನ್ ಬಂದ್ ಇರುವಾಗ ಸುಮಾರು 12.6 ವೋಲ್ಟ್, ಓಡುತ್ತಿರುವಾಗ ಸುಮಾರು 13.8ರಿಂದ 14.5 ವೋಲ್ಟ್ ಇರುವುದು ಸಾಮಾನ್ಯ. ಹೊಸ ಕಾರುಗಳಲ್ಲಿ ಈ ಎರಡನೆಯ ಅಂಕಿ ಕೆಲವೊಮ್ಮೆ ಕಡಿಮೆಯಾಗಿರಬಹುದು. ದುರ್ಬಲ ಬ್ಯಾಟರಿಯಿಂದ ಚಾಲೂ ಮಾಡುವಾಗ ವೋಲ್ಟೇಜು ಕುಸಿದು ಹಲವು ಕಂಪ್ಯೂಟರುಗಳು ಏಕಕಾಲಕ್ಕೆ ದೂರು ದಾಖಲಿಸುತ್ತವೆ.

ಅಂತರಜಾಲದಲ್ಲಿ ದೊರೆಯುವ ಅಮೆರಿಕದ ಸಲಹೆಗಳಲ್ಲಿ 'ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಬಿಗಿಗೊಳಿಸಿ' ಎಂಬುದು ಮೊದಲಿಗೆ ಬರುತ್ತದೆ. ಅಲ್ಲಿನ ನಿಯಮಗಳ ಪ್ರಕಾರ ಇಂಧನದ ಆವಿ ಸೋರುವುದನ್ನು ಕಾರು ತಾನೇ ಪರೀಕ್ಷಿಸಬೇಕು. ಭಾರತದ ಮಾನದಂಡಗಳು ಯುರೋಪಿನ ಮಾದರಿಯವು. ಇಲ್ಲಿನ ಕಾರುಗಳಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಮುಚ್ಚಳವನ್ನು ಬಿಗಿಗೊಳಿಸಿ ಕಾಯುತ್ತಾ ಕುಳಿತರೆ ಕಾಲಹರಣವಾದೀತು.

ತಪಾಸಣಾ ಚೀಟಿಯನ್ನೂ ಸಂಕೇತವನ್ನೂ ಒಟ್ಟಿಗೆ ಓದುವುದು

ಮಾಲಿನ್ಯ ತಪಾಸಣೆಯಲ್ಲಿ ಅನುತ್ತೀರ್ಣವಾದ ವಾಹನದ ಮಾಲೀಕರು ಮುದ್ರಿತ ಚೀಟಿಯನ್ನು ಎಸೆಯಬಾರದು. ಭಾರತ್ ಸ್ಟೇಜ್ 4 ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3ನ್ನು, ಹೈಡ್ರೋಕಾರ್ಬನ್ 200 ಪಿ.ಪಿ.ಎಂ.ಅನ್ನು ಮೀರುವಂತಿಲ್ಲ. ಸುಮಾರು 2500 ಸುತ್ತುಗಳ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.2ರೊಳಗೆ, ಗಾಳಿ–ಇಂಧನ ಅನುಪಾತವನ್ನು ಸೂಚಿಸುವ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಅದಕ್ಕೂ ಹಿಂದಿನ ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಐಡಲ್ ಮಿತಿಯು ಕ್ರಮವಾಗಿ ಶೇ. 0.5 ಮತ್ತು 750 ಪಿ.ಪಿ.ಎಂ. ಆಗಿದೆ.

ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದು ಲ್ಯಾಂಬ್ಡಾ 1ಕ್ಕಿಂತ ಕಡಿಮೆ ಇದ್ದರೆ ಇಂಧನ ಅತಿಯಾಗಿದೆ. ಇದರೊಂದಿಗೆ ಪಿ 0172 ಸಂಕೇತವಿದ್ದರೆ ಎರಡು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಂತಾಯಿತು. ಸೋರುವ ಇಂಜೆಕ್ಟರ್, ಎಂಜಿನ್ ಇನ್ನೂ ತಣ್ಣಗಿದೆ ಎಂದು ತಪ್ಪು ವರದಿ ಮಾಡುವ ಉಷ್ಣತೆಯ ಸೆನ್ಸರ್ ಇವೇ ಮೊದಲಾದುವನ್ನು ನೋಡಬೇಕು. ಕಾರ್ಬನ್ ಮಾನಾಕ್ಸೈಡ್ ಮಿತಿಯೊಳಗಿದ್ದು ಹೈಡ್ರೋಕಾರ್ಬನ್ ಮಾತ್ರ ಮಿತಿಮೀರಿದ್ದರೆ ಉರಿಯದ ಇಂಧನ ಹೊರಬರುತ್ತಿದೆ. ಪಿ 0300ರಿಂದ ಪಿ 0304ರವರೆಗಿನ ಮಿಸ್ಸಿಂಗ್ ಸಂಕೇತಗಳನ್ನು ಹುಡುಕಬೇಕು. ಚೀಟಿ ಒಂದು ಬಗೆಯಾಗಿ, ಸಂಕೇತ ಇನ್ನೊಂದು ಬಗೆಯಾಗಿ ಹೇಳುತ್ತಿದ್ದರೆ ಸೆನ್ಸರನ್ನೇ ಶಂಕಿಸಲು ಆಗ ಕಾರಣ ದೊರೆಯುತ್ತದೆ.

ಯಾವ ದೋಷವೂ ಇಲ್ಲದ ಕಾರು ಸಹ ತಪಾಸಣೆಯಲ್ಲಿ ಅನುತ್ತೀರ್ಣವಾಗುವ ಒಂದು ಸಂದರ್ಭವಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ನಂತರವೇ ಸರಿಯಾಗಿ ಕೆಲಸ ಮಾಡುತ್ತದೆ. ಮನೆಯಿಂದ ಒಂದು ಕಿಲೋಮೀಟರ್ ದೂರದ ಕೇಂದ್ರಕ್ಕೆ ಬಂದು, ಎಂಜಿನ್ ಬಂದ್ ಮಾಡಿ ಅರ್ಧ ಗಂಟೆ ಸರದಿಯಲ್ಲಿ ಕಾದ ವಾಹನದ ಕನ್ವರ್ಟರ್ ತಣ್ಣಗಿರುತ್ತದೆ. ಹದಿನೈದು–ಇಪ್ಪತ್ತು ನಿಮಿಷ ಓಡಿಸಿದ ಬಳಿಕ ಪರೀಕ್ಷೆಗೆ ಒಡ್ಡುವುದು ಸೂಕ್ತ.

ಸಂಕೇತವನ್ನು ಅಳಿಸುವ ಕುರಿತು

ದೋಷ ಒಮ್ಮೆ ಕಂಡ ಕೂಡಲೇ ದೀಪ ಉರಿಯುವುದಿಲ್ಲ. ಬಹುಪಾಲು ದೋಷಗಳು ಮೊದಲು ದೃಢಪಡದ ಸಂಕೇತವಾಗಿ ದಾಖಲಾಗಿ, ಮುಂದಿನ ಓಡಾಟಗಳಲ್ಲಿಯೂ ಮರುಕಳಿಸಿದರೆ ಮಾತ್ರ ದೃಢಪಟ್ಟು ದೀಪ ಹತ್ತುತ್ತದೆ. ದೋಷ ನಿವಾರಣೆಯಾದ ಮೇಲೆ ಸತತ ಮೂರು ಚಾಲನಾ ಆವರ್ತಗಳಲ್ಲಿ ಅದು ಕಾಣಿಸದಿದ್ದರೆ ದೀಪ ತಾನಾಗಿಯೇ ಆರುತ್ತದೆ. ಎಂಜಿನ್ ತಣ್ಣಗಾಗಿ ಮತ್ತೆ ಕಾಯುವ 40 ಆವರ್ತಗಳ ನಂತರ ಸಂಕೇತವೂ ತಾನಾಗಿ ಅಳಿಯುತ್ತದೆ. ಹೀಗಾಗಿ ದುರಸ್ತಿ ಸರಿಯಾಗಿ ಆಗಿದ್ದಲ್ಲಿ ಅಳಿಸುವ ಅವಸರವೇ ಇಲ್ಲ.

ಸ್ಕ್ಯಾನರಿನಿಂದ ಅಳಿಸಿದರೂ, ಬ್ಯಾಟರಿಯ ತಂತಿ ಕಳಚಿ ಅಳಿಸಿದರೂ, ಕಂಪ್ಯೂಟರು ತಾನು ಕಲಿತಿದ್ದ ಇಂಧನ ಹೊಂದಾಣಿಕೆಯನ್ನು ಮರೆಯುವುದು ಸಾಮಾನ್ಯ. ತಪಾಸಣೆಗೆ ಒಂದು ಗಂಟೆ ಮೊದಲು ಹೀಗೆ ಮಾಡಿದರೆ ಐಡಲ್ ಏರುಪೇರಾಗಿ, ಮೊದಲು ಉತ್ತೀರ್ಣವಾಗಬಹುದಾಗಿದ್ದ ವಾಹನವೂ ಅನುತ್ತೀರ್ಣವಾಗಬಹುದು.

ಡೀಸೆಲ್ ವಾಹನಗಳು

ಭಾರತ್ ಸ್ಟೇಜ್ 6ರ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕವಿದ್ದು, ಅದು ತುಂಬಿದಾಗ ಸುಮಾರು 550ರಿಂದ 600 ಡಿಗ್ರಿ ಉಷ್ಣತೆಯಲ್ಲಿ ಮಸಿಯನ್ನು ಸುಟ್ಟುಹಾಕುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ತೆವಳುವ ಕಾರಿಗೆ ಅಷ್ಟು ಶಾಖ ದೊರೆಯುವುದಿಲ್ಲ. ಡಿ.ಪಿ.ಎಫ್. ದೀಪ ಉರಿದ ಪ್ರಾರಂಭದಲ್ಲಿಯೇ, ಮಾಲೀಕರ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸದೆ ಓಡಿಸಿದರೆ ಅದು ಸ್ವಚ್ಛವಾಗುತ್ತದೆ. ದೀಪವನ್ನು ಕಡೆಗಣಿಸಿದರೆ ಮಸಿ ಹೆಚ್ಚಿರುವುದನ್ನು ಸೂಚಿಸುವ ಪಿ 2463 ಸಂಕೇತದೊಂದಿಗೆ ಎಂಜಿನ್ ಶಕ್ತಿ ಕುಗ್ಗಿ, ಗ್ಯಾರೇಜಿನಲ್ಲಿ ಮಾತ್ರ ಸರಿಪಡಿಸಬಹುದಾದ ಸ್ಥಿತಿ ಬರುತ್ತದೆ. ಪಿ 0401 ಎಂಬುದು ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇ.ಜಿ.ಆರ್. ಮಾರ್ಗದಲ್ಲಿ ಹರಿವು ಸಾಲದೆಂಬುದರ ಸೂಚನೆ; ಇದಕ್ಕೂ ಮಸಿಯೇ ಹೆಚ್ಚಾಗಿ ಕಾರಣ.

ಹಳೆಯ ವಾಹನ ಕೊಳ್ಳುವವರು ಹಾಗೂ ಬದಲಾವಣೆ ಮಾಡಿಸುವವರು ಗಮನಿಸಬೇಕಾದುದು

ನಮೂನೆ 29 ಮತ್ತು 30ಕ್ಕೆ ಸಹಿ ಮಾಡುವ ಮುನ್ನ, ಕೊಳ್ಳುವವರು ಇಗ್ನಿಷನ್ ಆನ್ ಮಾಡಿ ಎಂಜಿನ್ ದೀಪ ಉರಿಯುತ್ತದೆಯೇ ಎಂದು ನೋಡತಕ್ಕದ್ದು. ಬಲ್ಬು ತೆಗೆಯುವುದಷ್ಟೇ ಅಲ್ಲದೆ, ಎಂಜಿನ್ ದೀಪವನ್ನು ಆಯಿಲ್ ದೀಪದ ತಂತಿಗೆ ಜೋಡಿಸಿ, ಎಲ್ಲವೂ ಸರಿಯಿರುವಂತೆ ಉರಿದು ಆರುವ ಹಾಗೆ ಮಾಡುವ ಕುಯುಕ್ತಿಯೂ ಇದೆ. ಓ.ಬಿ.ಡಿ. ಇರುವ ವಾಹನಕ್ಕೆ ಸ್ಕ್ಯಾನರ್ ಜೋಡಿಸಿದರೆ ಈ ವಂಚನೆ ಬಯಲಾಗುತ್ತದೆ: ದೀಪ ಉರಿಸುವಂತೆ ಕಂಪ್ಯೂಟರು ಆಜ್ಞೆ ನೀಡಿದೆಯೇ ಎಂಬುದೂ, ಸಂಕೇತಗಳನ್ನು ಅಳಿಸಿದ ನಂತರ ವಾಹನ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಅನೇಕ ಕಾರುಗಳಲ್ಲಿ ಓದಲು ಸಿಗುತ್ತವೆ. ಅಳಿಸಿದ ನಂತರ ಕೇವಲ 9 ಕಿಲೋಮೀಟರ್ ಓಡಿದೆ ಎಂದು ಕಂಡುಬಂದಲ್ಲಿ, ಮಾರಾಟಗಾರರನ್ನು ಕಾರಣ ಕೇಳುವುದು ಕೊಳ್ಳುವವರ ಹಕ್ಕು.

ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಡಿ.ಪಿ.ಎಫ್. ತೆಗೆಸಿಹಾಕುವುದು, ಹಿಂದಿನ ಆಕ್ಸಿಜನ್ ಸೆನ್ಸರಿಗೆ ಸುಳ್ಳು ವರದಿ ನೀಡುವ ತುಣುಕನ್ನು ಜೋಡಿಸುವುದು, ಸಂಕೇತವೇ ಬಾರದಂತೆ ಕಂಪ್ಯೂಟರಿನ ತಂತ್ರಾಂಶ ಬದಲಾಯಿಸುವುದು ಕಾನೂನುಬಾಹಿರ. ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ಬದಲಾವಣೆಗೆ 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182-ಎ (4)ರಡಿ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ ಪ್ರತಿ ಬದಲಾವಣೆಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಾಯುಮಾಲಿನ್ಯದ ಮಾನದಂಡವನ್ನು ಉಲ್ಲಂಘಿಸಿ ವಾಹನ ಚಲಾಯಿಸುವುದಕ್ಕೆ ಕಲಂ 190 (2)ರಡಿ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ ರೂ. 10,000ದವರೆಗೆ ದಂಡ ಅಥವಾ ಎರಡೂ ಅನ್ವಯವಾಗುತ್ತವೆ. ಇಂತಹ ಬದಲಾವಣೆಗಳನ್ನು ಹಿಂದಿನ ಮಾಲೀಕರು ಮಾಡಿಸಿದ್ದರೂ, ವಾಹನವನ್ನು ಮೂಲ ಸ್ಥಿತಿಗೆ ತರುವ ಹೊರೆ ಕೊಂಡವರ ಮೇಲೆಯೇ ಬೀಳುತ್ತದೆ.

ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವವರು, ನೋಂದಣಿಯ ಅವಧಿ ಮುಗಿಯುವುದಕ್ಕೆ ಸಾಕಷ್ಟು ಮುಂಚಿತವಾಗಿ ಎಂಜಿನ್ ದೀಪದ ದೋಷವನ್ನು ದುರಸ್ತಿ ಮಾಡಿಸಿ, ವಾಹನವನ್ನು ಕೆಲವು ದಿನ ಎಂದಿನಂತೆ ಓಡಿಸಿ, ದೀಪ ಮರುಕಳಿಸುವುದಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ ತಪಾಸಣೆಗೆ ಹಾಜರುಪಡಿಸಲು ಕೋರಲಾಗಿದೆ. ಅರ್ಜಿ, ಶುಲ್ಕ ಹಾಗೂ ತಪಾಸಣೆಯ ದಿನಾಂಕದ ವಿವರಗಳಿಗೆ ವಾಹನ ನೋಂದಣಿಯಾಗಿರುವ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.